ಕ್ಯಾಪುಚಿನೋದ ನೊರೆ

ಹಾಲು ಕರೆಯುವಾಗಿನ ವಾಸನೆಯನ್ನು ಭರಮಮ್ಮ ಐವತ್ತು ವರ್ಷ ಕಳೆದರೂ ಮರೆತಿರಲಿಲ್ಲ. ಮಲಪನಗುಡಿಯ ಮನೆಯಲ್ಲಿ ಅವ್ವ ಎಮ್ಮೆಯ ಕೆಚ್ಚಲಿಗೆ ತಂಬಿಗೆ ಹಿಡಿದರೆ ಹಸಿ ಹುಲ್ಲು, ಸಗಣಿ, ಬೆಚ್ಚನೆಯ ಹಾಲು ಮೂರೂ ಕಲೆತ ವಾಸನೆ ಏಳುತ್ತಿತ್ತು. ತಂಬಿಗೆಯ ಬಾಯಿತನಕ ನೊರೆ ಬರುತ್ತಿತ್ತು. ನೊರೆ ಇದ್ದರೆ ಹಾಲು ಈಗಷ್ಟೇ ಕರೆದದ್ದು. ಆರಿದ ಹಾಲಿಗೆ ಎಲ್ಲಿಯ ನೊರೆ?

ಅದಕ್ಕೇ ಹಂಪಿ ರಸ್ತೆಯ ಕಾಫಿ ಅಂಗಡಿಯಲ್ಲಿ ಕಪ್ಪು ತೊಳೆಯಲು ಸೇರಿದಾಗ, ಕ್ಯಾಪುಚಿನೋದ ಮೇಲೆ ಬೆರಳೆತ್ತರ ನಿಂತ ನೊರೆ ನೋಡಿ ಅವಳಿಗೆ ಜೀವ ತಂಪಾಗಿತ್ತು. "ನಮ್ಮ ಅಂಗಡ್ಯಾಗ ಹಾಲು ಕರೆದಂಗ ಕೊಡ್ತಾರವ್ವಾ," ಎಂದು ಓಣಿಗೆಲ್ಲ ಹೇಳಿದ್ದಳು. ಮೊಣಕಾಲು ಸೋತು ಕಬ್ಬಿನ ಗದ್ದೆಗೆ ಹೋಗಲಾಗದವಳಿಗೆ ನೆರಳಲ್ಲಿ ನಿಂತು ಮಾಡುವ ಕೆಲಸ ಇದೊಂದೇ ಸಿಕ್ಕಿತ್ತು.

ದಿನವೂ ಬೆನ್ನು ತಿರುಗಿಸಿ ಕಪ್ಪು ತೊಳೆಯುವವಳು, ಜನ ಹೆಚ್ಚಿದ್ದ ಆ ಭಾನುವಾರ ಮೇಜುಗಳನ್ನೂ ನೋಡಿಕೊಳ್ಳುತ್ತಿದ್ದಳು. ಮಧ್ಯಾಹ್ನ ಒಂದು ಮಗು ಮೇಜಿನ ಮೇಲಿದ್ದ ಹಾಲಿನ ಪುಟ್ಟ ಜಗ್ಗನ್ನು ಕಚ್ಚಿ ಕುಡಿದು, ಅರ್ಧವನ್ನು ಅದಕ್ಕೇ ಉಗುಳಿತು. ಭರಮಮ್ಮ ಅದನ್ನು ತಂದು ತೊಟ್ಟಿಯ ಪಕ್ಕ ಇಟ್ಟಳು. ಮಾಲೀಕ ನಾಗಭೂಷಣ ಬಂದವನೇ ಅದನ್ನೂ, ಉಳಿದ ಮೇಜುಗಳಿಂದ ಮಿಕ್ಕಿ ಬಂದ ಹಾಲನ್ನೂ ದೊಡ್ಡ ಜಗ್ಗಿಗೆ ಸುರಿದ. ಅದರೊಳಗೆ ನಿನ್ನೆಯ ಕೆನೆ ಹಳದಿಯಾಗಿ ಅಂಟಿತ್ತು. ಹುಳಿ ನಾತ ಗಪ್ಪೆಂದು ಮೂಗಿಗೆ ಬಡಿಯಿತು.

"ಅಯ್ಯ, ಅದು ಕೂಸಿನ ಎಂಜಲ್ರೀ!"

"ಹಬೆ ಹೊಡೆದ್ರ ಎಲ್ಲಾ ಸತ್ತು ಹೋಗ್ತಾವ. ಅಂಜಲೀ, ಜಲ್ದಿ ಮಾಡು."

ಕಾಫಿ ಮಾಡುವ ಹುಡುಗಿ ಅಂಜಲಿ ತಲೆ ಎತ್ತಲಿಲ್ಲ. ಕಾಫಿ ಯಂತ್ರದ ಹಬೆಯ ಕೊಳವೆಯ ತುದಿಗೆ ಒಣಗಿದ ಹಾಲು ಗಾಯದ ಹಕ್ಕಳೆಯಂತೆ ಕಟ್ಟಿತ್ತು. ಅದು ಜಗ್ಗಿಗಿಳಿದು ಬುಸುಗುಟ್ಟಿತು. ಅದೇ ಎಂಜಲು ಬೆಳ್ಳಗೆ ಉಬ್ಬಿ ನೊರೆಯಾಯಿತು. ಭರಮಮ್ಮ ಕೈಯಲ್ಲಿದ್ದ ಕಪ್ಪನ್ನು ತೊಟ್ಟಿಗಿಟ್ಟಳು. ಎರಡು ತಿಂಗಳು ಇದನ್ನೇ ಹೊಗಳಿಕೊಂಡು ತಿರುಗಿದ್ದೆನಲ್ಲ! ಸಂಜೆ ಸಂಜೆ ಮಾಲೀಕ ಕೊಡುತ್ತಿದ್ದ ಕಪ್ಪನ್ನು ತಳದ ತನಕ ಬಳಿದು ಕುಡಿದದ್ದು ನೆನಪಾಗಿ, ಗಂಟಲಿಗೆ ಬೆರಳು ಹಾಕಿಕೊಳ್ಳುವಂತಾಯಿತು.

"ಮೂಲಿ ಮೇಜಿಗೆ ಕೊಡ್ರಿ," ನಾಗಭೂಷಣ ಎರಡು ಕಪ್ಪು ಮುಂದೆ ತಳ್ಳಿದ. ನೊರೆಯ ಮೇಲೆ ಚಂದದ ಎಲೆಯ ಚಿತ್ರ. ಸಂಡೂರಿನಿಂದ ಬಂದ ಗಂಡ ಹೆಂಡತಿ ಅದರ ಫೋಟೋಕ್ಕೆಂದು ಫೋನು ಹಿಡಿದು ಕಾದಿದ್ದರು.

"ನನ್ನ ಕೈಲೆ ಆಗೂದಿಲ್ರೀ."

"ಆಗದಿದ್ರ ಕಬ್ಬು ಕಡ್ಯಾಕ ಹೋಗ್ರಿ. ಕಾಲಾಗ ಕಸುವೈತೇನು?"

ಭರಮಮ್ಮ ಒಂದು ಗಳಿಗೆ ತನ್ನ ಮೊಣಕಾಲು ನೋಡಿಕೊಂಡಳು. ಆಮೇಲೆ ಎರಡೂ ಕಪ್ಪುಗಳನ್ನು ತೊಟ್ಟಿಗೆ ಬೋರಲು ಹಾಕಿದಳು, ದೊಡ್ಡ ಜಗ್ಗನ್ನೂ. ತಳದ ಗಡ್ಡೆ ಲೊಳಕ್ಕನೆ ಬಿತ್ತು.

"ನಾಳಿಂದ ಬರಬ್ಯಾಡ್ರಿ!"

"ಕೈ ಮುಗಿದು ಕರೆದ್ರೂ ಬರೂದಿಲ್ಲ. ವಾಂತಿ ಬರ್ತೈತಿ."

ಹಿತ್ತಲ ಮೆಟ್ಟಿಲ ಮೇಲೆ ಕುಳಿತು ಅವಳು ಮೂರು ಸಲ ಬಾಯಿ ಮುಕ್ಕಳಿಸಿದಳು. ಹುಳಿ ನಾಲಗೆ ಬಿಡಲಿಲ್ಲ.

ಹಿಂದೆಯೇ ಅಂಜಲಿ ಬಂದಳು. ನಲ್ಲಿ ತಿರುಗಿಸಿ, ಸೋಪು ಹಚ್ಚಿ, ಮೊಣಕೈವರೆಗೆ ತಿಕ್ಕಿ ತೊಳೆದಳು, ಮತ್ತೊಮ್ಮೆ ತೊಳೆದಳು. ಆಮೇಲೆ ತಾನಿನ್ನೂ ಮುಟ್ಟದ ಊಟದ ಡಬ್ಬಿ ತೆಗೆದು, ಜೋಳದ ರೊಟ್ಟಿಯ ಮೇಲೆ ಪುಂಡಿಪಲ್ಯ ಹಾಕಿ, ಮುದುಕಿಯ ಕೈಗಿಟ್ಟಳು.