ಜೋನೆಯ ಅಡುಗೆಮನೆ ಬಾಗಿಲು

"ಇನ್ನೊಂದು ಸಲ ಓದಿ," ಎಂದಳು ಮೆರೆಸೆಯಿನಿ.

ರೋಷ್ನಿ ಮೇಡಂ ಕನ್ನಡಕ ಸರಿಮಾಡಿಕೊಂಡರು. ಪರದೇಶದಿಂದ ಈ ದ್ವೀಪದ ಲೌಟೋಕಾ ಪೇಟೆಯ ಹೈಸ್ಕೂಲಿಗೆ ಬರುವ ಮಕ್ಕಳನ್ನು ಊರಿನ ಮನೆಗಳಲ್ಲಿ ಇರಿಸಿ, ವಾರಕ್ಕೊಮ್ಮೆ ವಿಚಾರಿಸಿಕೊಳ್ಳುವುದು ಅವರ ಕೆಲಸ. ಮೆರೆಸೆಯಿನಿಯ ಮನೆಯ ಚಾಪೆಯ ತುದಿಯಲ್ಲಿ ಮುಳ್ಳಿನ ಮೇಲೆ ಕೂತವರಂತೆ ಕೂತು, ಆ ಮನೆಯಲ್ಲಿದ್ದ ಜಪಾನಿನ ಹುಡುಗಿ ಶಿಯೋರಿ ಬರೆದ ಕಾಗದವನ್ನು ಸಣ್ಣ ದನಿಯಲ್ಲಿ ಮತ್ತೆ ಓದಿದರು:

"'ಈ ಮನೆಯಲ್ಲಿ ನನ್ನದು ಎನ್ನುವುದು ಯಾವುದೂ ಇಲ್ಲ. ನನ್ನ ಚಪ್ಪಲಿ ಎಲ್ಲರ ಕಾಲಲ್ಲಿದೆ. ನನ್ನ ಟವೆಲ್ ಅಜ್ಜಿಯ ಹೆಗಲ ಮೇಲಿದೆ. ನನ್ನ ಕೋಣೆಗೆ ಬಾಗಿಲಿಲ್ಲ. ಒಬ್ಬಳೇ ಇರಲು ಜಾಗವಿಲ್ಲ. ಮನೆಯವರು ತುಂಬಾ ಒಳ್ಳೆಯವರು. ದಯವಿಟ್ಟು ಅವರಿಗೆ ಹೇಳಬೇಡಿ.'"

ಮೆರೆಸೆಯಿನಿಯ ಕೈಯಲ್ಲಿ ಅರ್ಧ ಸುಲಿದ ಮರಗೆಣಸು ಹಾಗೇ ಉಳಿಯಿತು. ಹಿಂದಿನ ಬಾಗಿಲ ಬಳಿ ಅವಳ ಅತ್ತೆ ಕಾಲು ಚಾಚಿ ಕೂತಿದ್ದಳು. ಮನೆಯವರಿಗೆಲ್ಲ ಅವಳು 'ಬೂ', ಅಂದರೆ ಅಜ್ಜಿ. ಹೆಗಲ ಮೇಲೆ ತಿಳಿನೀಲಿ ಟವೆಲ್ ಇತ್ತು. ಬೂ ಅದನ್ನೊಮ್ಮೆ ಮುಟ್ಟಿ ನೋಡಿಕೊಂಡಳು.

"ಮೆತ್ತಗಿದೆ ಅಂತ ತಗೊಂಡೆ," ಎಂದಳು. "ಕೊಡಲ್ಲ ಅಂತ ಅವಳು ಬಾಯಿಬಿಟ್ಟು ಹೇಳಿದ್ದಳೇನು?"

"ತಪ್ಪು ಯಾರದ್ದೂ ಅಲ್ಲ ಮೆರೆ," ಎಂದರು ರೋಷ್ನಿ ಮೇಡಂ. "ಜಪಾನಿನವರ ರೀತಿ ಬೇರೆ. ಶನಿವಾರ ಬಂದು ಕರ್ಕೊಂಡು ಹೋಗ್ತೀನಿ. ಬೇರೆ ಮನೆ ನೋಡಿದೀನಿ."

"ಯಾರ ಮನೆ?"

ಹೆಸರು ಕೇಳಿದ ಮೇಲೆ ಮೆರೆಸೆಯಿನಿಗೆ ಇನ್ನಷ್ಟು ಉರಿಯಿತು. ಚರ್ಚಿನಲ್ಲಿ ಅವಳ ಮುಂದಿನ ಸಾಲಿನಲ್ಲೇ ಕೂರುವ ಹೆಂಗಸು. ಭಾನುವಾರ ಆ ಹುಡುಗಿ ಅಲ್ಲಿ, ಆ ಹೆಂಗಸಿನ ಪಕ್ಕದಲ್ಲಿ ಕೂತಿರುತ್ತಾಳೆ. ಊರೆಲ್ಲ ನೋಡುತ್ತದೆ.

ಶಿಯೋರಿ ಬಂದು ಮೂರು ತಿಂಗಳಾಗಿತ್ತು. ಹದಿನಾರರ ಹುಡುಗಿ, ಗಾಳಿಗೆ ಹಾರಿಹೋಗುವಷ್ಟು ತೆಳ್ಳಗೆ. ಇಟ್ಟದ್ದನ್ನು ಉಣ್ಣುತ್ತಿದ್ದಳು, ಕೇಳಿದ್ದಕ್ಕೆಲ್ಲ ಹೂಂ ಎನ್ನುತ್ತಿದ್ದಳು, ತಲೆ ಬಾಗಿಸಿ ಥ್ಯಾಂಕ್ಸ್ ಹೇಳುತ್ತಿದ್ದಳು. ಮೆರೆಸೆಯಿನಿ ತನ್ನ ಒಂಬತ್ತು ವರ್ಷದ ಮಗಳು ಲುಸಿಯಾನಾಳಿಗಿಂತ ಒಂದು ಕೈ ಹೆಚ್ಚೇ ನೋಡಿಕೊಂಡಿದ್ದಳು. ಮೀನಿನ ತಲೆ ಬಂದರೆ ಅವಳ ತಟ್ಟೆಗೆ. ಬೇಕಾದಾಗ ಕೇಳುವುದು, ಕೇಳಿದರೆ ಕೊಡುವುದು: ಆ ಊರಿನಲ್ಲಿ ಅದಕ್ಕೆ ಕೆರೆಕೆರೆ ಎಂದು ಹೆಸರು. ಕೊಟ್ಟವರು ಅದು ಹಿಂದಕ್ಕೆ ಬರಲೆಂದು ಎದುರುನೋಡುವುದಿಲ್ಲ, ಪಡೆದವರು ನಾಚುವುದಿಲ್ಲ. ಹಾಗಿರುವಾಗ ಮನೆಯವಳೇ ಆದ ಹುಡುಗಿಯ ಚಪ್ಪಲಿಯನ್ನು ಮನೆಯವರು ಮೆಟ್ಟಿದರೆ ಅದನ್ನೂ ಕಾಗದದಲ್ಲಿ ಬರೆಯುವುದೇ?

ಸಂಜೆ ಗಂಡ ಇಲೈಸಾ ಸಕ್ಕರೆ ಮಿಲ್ಲಿನಿಂದ ಬಂದಾಗ ಅವಳು ನೀರನ್ನೂ ಕೊಡದೆ ಹೇಳಿದಳು, "ಅವಳ ಕೋಣೆಗೆ ನಾಳೆ ಬಾಗಿಲು ಆಗ್ಬೇಕು. ಚಿಲಕ ಸಮೇತ."

"ಬಾಗಿಲಾ? ಪರದೆ ಇದೆಯಲ್ಲೇ."

"ಬಾಗಿಲು ಅಂದೆ. ಶನಿವಾರ ರೋಷ್ನಿ ಮೇಡಂ ಬಂದು ಕಣ್ಣಾರೆ ನೋಡ್ಲಿ."

"ನಾಳೆಗೆ ಎಲ್ಲಿಂದ ತರ್ಲಿ ಮಾರಾಯ್ತಿ, ಬಾಗಿಲೇನು ಮರದಲ್ಲಿ ಬಿಡತ್ತಾ?"

ಆದರೂ ಬುಧವಾರ ಮಧ್ಯಾಹ್ನ ಬಾಗಿಲು ಬಂತು. ಇಲೈಸಾ ಒಂದು ತುದಿ, ಅವನ ತಮ್ಮ ಜೋನೆ ಇನ್ನೊಂದು ತುದಿ ಹಿಡಿದಿದ್ದರು. ಹಸಿರು ಬಣ್ಣ, ಕೆಳಗಡೆ ಹೊಗೆ ಹಿಡಿದ ಕಪ್ಪು. ಚೌಕಟ್ಟಿಗೆ ಎರಡು ಬೆರಳು ದೊಡ್ಡದಾಯಿತು. ಜೋನೆ ಹಾಡಿಕೊಂಡು ಚೌಕಟ್ಟನ್ನು ಕೊರೆದ, ಕೀಲು ಬಡಿದ, ಚಿಲಕ ಹಾಕಿ ತೆಗೆದು ತೋರಿಸಿದ.

ನಾಲ್ಕು ಗಂಟೆಗೆ ಶಿಯೋರಿ ಶಾಲೆಯಿಂದ ಬಂದಳು. ಮೆರೆಸೆಯಿನಿ ಬಾಗಿಲನ್ನು ಒಂದು ಸಲ ತೆರೆದು ಮುಚ್ಚಿ, "ತಗೋ, ನಿಂಗೆ," ಎಂದಳು. ಕಾಗದದ ಸುದ್ದಿ ಮನೆಗೆ ಮುಟ್ಟಿದೆ ಎಂದು ಹುಡುಗಿಗೆ ಹೊಳೆಯಿತು. ತಲೆ ಬಾಗಿಸಿದಳು. ಒಳಗೆ ಹೋದಳು. ಚಿಲಕ ಬಿದ್ದ ಸದ್ದು ಕೇಳಿಸಿತು.

ಊಟಕ್ಕೆ ಕರೆದರೆ ಬರಲಿಲ್ಲ. ಮೆರೆಸೆಯಿನಿ ತಟ್ಟೆಯನ್ನು ಹೊಸ್ತಿಲ ಬಳಿ ಇಟ್ಟಳು. ಬೆಳಿಗ್ಗೆ ಅಲ್ಲಿ ಖಾಲಿ ತಟ್ಟೆ ಇತ್ತು. ಗುರುವಾರವೂ ಹಾಗೇ. ಶಾಲೆಯಿಂದ ಬಂದವಳೇ ಒಳಗೆ, ಚಿಲಕ, ಮತ್ತೆ ಸದ್ದಿಲ್ಲ. ಮೊದಲಾದರೆ ಕಾಯಿ ತುರಿಯುವಾಗ ಪಕ್ಕದಲ್ಲಿ ಬಂದು ಕೂರುತ್ತಿದ್ದಳು; ಲುಸಿಯಾನಾ ಅವಳ ಕೂದಲನ್ನು ಹೆಣೆದು ಬಿಚ್ಚಿ ಆಡುತ್ತಿದ್ದಳು. ಈಗ ಲುಸಿಯಾನಾ ಮುಚ್ಚಿದ ಬಾಗಿಲ ಸಂದಿಗೆ ಕಣ್ಣಿಟ್ಟು ಮಲಗಿರುತ್ತಿದ್ದಳು.

"ಬಾಗಿಲು ತರಿಸಿದೆ ನೀನು, ಹುಡುಗೀನ ಕಳ್ಕೊಂಡೆ," ಎಂದಳು ಬೂ. "ಕೋಳಿ ಸಾಕೋಳಿಗೆ ಗೂಡು ಯಾವಾಗ ಮುಚ್ಬೇಕು ಅಂತ ಗೊತ್ತಿರ್ಬೇಕು."

"ಅವಳೇ ಕೇಳಿದ್ದಲ್ವಾ ಅತ್ತೆ!"

"ನಿನ್ನನ್ನೆಲ್ಲಿ ಕೇಳಿದಳು? ಕಾಗದಾನ ಕೇಳಿದಳು."

ಶುಕ್ರವಾರ ಹೊತ್ತು ಮುಳುಗುವ ಮುಂಚೆ ಮೆರೆಸೆಯಿನಿ ಮೀನಿನ ಸಾರು, ಕೆಸುವಿನ ಗಡ್ಡೆ ಬಡಿಸಿಕೊಂಡು ಮತ್ತೆ ಹೊಸ್ತಿಲಿಗೆ ಬಂದಳು. ತಟ್ಟೆ ನೆಲಕ್ಕೆ ತಾಗಿತೋ ಇಲ್ಲವೋ, ಒಳಗಿನಿಂದ ದನಿ ಬಂತು.

"ತಟ್ಟೆ ಹೊರಗಿಡಬೇಡಿ."

"ಹಾಗಾದ್ರೆ ತೆಗಿ. ಒಳಗೇ ಕೊಡ್ತೀನಿ."

ಬಾಗಿಲು ತೆರೆಯಲಿಲ್ಲ. ಹುಡುಗಿ ಒಳಗಿನಿಂದಲೇ ಮಾತನಾಡಿದಳು. ಅವಳದು ಹರಕು ಇಂಗ್ಲಿಷು. ಒಂದೊಂದು ಮಾತನ್ನೂ ಹುಡುಕಿ ತಂದು ಇಡುತ್ತಿದ್ದಳು.

"ನನ್ನ ಊರಲ್ಲಿ, ನನ್ನ ಮನೇಲಿ, ಅಮ್ಮ ಹೀಗೇ ಇಡ್ತಿದ್ರು. ಬಾಗಿಲ ಹೊರಗೆ. ಒಂದು ವರ್ಷ ಏಳು ತಿಂಗಳು."

ಮೆರೆಸೆಯಿನಿಗೆ ಅರ್ಥವಾಗಲಿಲ್ಲ. "ನಿಂಗೆ ಹುಷಾರಿರ್ಲಿಲ್ವಾ?"

"ಹುಷಾರಿದ್ದೆ. ಒಂದು ದಿನ ಬೆಳಿಗ್ಗೆ ಶಾಲೆಗೆ ಹೋಗೋಕೆ ಬೂಟು ಹಾಕ್ಕೊಂಡು ಕೂತೆ. ಏಳೋಕೆ ಆಗ್ಲಿಲ್ಲ. ಮಾರನೇ ದಿನಾನೂ ಆಗ್ಲಿಲ್ಲ. ಆಮೇಲೆ ಕೋಣೆ ಬಾಗಿಲು ಹಾಕ್ಕೊಂಡೆ. ಅಮ್ಮ ಹೊರಗೆ ತಟ್ಟೆ ಇಟ್ಟು, ಎರಡು ಸಲ ತಟ್ಟಿ ಹೋಗ್ತಿದ್ರು. ಅವರು ಹೋದ್ಮೇಲೆ ನಾನು ತೆಗೀತಿದ್ದೆ. ಅಮ್ಮನ ಮುಖ ನೋಡದೆ ಎಷ್ಟೋ ದಿನ."

ಮೆರೆಸೆಯಿನಿ ಅಲ್ಲೇ ನೆಲದ ಮೇಲೆ ಕೂತಳು.

"ಇಲ್ಲಿಗೆ ಬಂದ್ಮೇಲೆ ತುಂಬಾ ಸುಸ್ತಾಗ್ತಿತ್ತು," ಎಂದಿತು ದನಿ. "ಯಾವಾಗ್ಲೂ ಜನ. ನಿದ್ದೆ ಮಾಡುವಾಗ್ಲೂ ಜನ. ಸ್ವಲ್ಪ ಬಾಗಿಲು ಬೇಕು ಅನ್ನಿಸ್ತು. ಬರೆದೆ. ಬಾಗಿಲು ಬಂತು. ಚಿಲಕ ಹಾಕಿದ್ದು ನನ್ನ ಕೈ. ಅದಕ್ಕೆ ಎಲ್ಲಾ ನೆನಪಿತ್ತು. ಈಗ ತೆಗೆಯೋಕೆ..."

ಬಾಗಿಲು ಒಡೆದು ಒಳಗೆ ನುಗ್ಗಬೇಕು ಎನ್ನಿಸಿತು ಮೆರೆಸೆಯಿನಿಗೆ. ಗಂಡನನ್ನು ಕೂಗಿದರೆ ಒಂದೇ ಒದೆತಕ್ಕೆ ಬೀಳುವಂಥ ಬಾಗಿಲು. ಆದರೆ ಎದ್ದೇಳದೆ ಬಾಗಿಲಿಗೆ ಬೆನ್ನು ಕೊಟ್ಟಳು.

"ನೋಡು ಮಗಳೇ," ಎಂದಳು ಕೊನೆಗೆ, "ನಾನು ಒಂದು ನಿಜ ಹೇಳ್ತೀನಿ. ನಿನ್ನ ಮೇಲಿನ ಪ್ರೀತಿಗೆ ಈ ಬಾಗಿಲು ಹಾಕಿಸ್ಲಿಲ್ಲ. ಕೋಪಕ್ಕೆ ಹಾಕಿಸ್ದೆ. ನನ್ನ ಮಾನ ಹೋಯ್ತಲ್ಲ ಅಂತ. ಮೂರು ದಿನದಿಂದ ಒಳಗೊಳಗೇ ನಿನ್ನ ಬೈಕೊಂಡೇ ಅಡುಗೆ ಮಾಡಿದೀನಿ."

ಮೆರೆಸೆಯಿನಿ ಸಾರಿಗೆ ಬೆರಳದ್ದಿ ನೆಕ್ಕಿದಳು.

"ಅದಕ್ಕೇ ಸಾರಿಗೆ ಉಪ್ಪು ಜಾಸ್ತಿ ಆಗಿದೆ."

ಒಳಗೆ ಮೂಗು ಸೇದಿದ ಸದ್ದೋ, ನಕ್ಕ ಸದ್ದೋ, ಏನೋ ಒಂದು ಆಯಿತು. ಆಮೇಲೆ ಹಲಗೆಯ ಆ ಕಡೆ ಯಾರೋ ಬೆನ್ನು ಕೊಟ್ಟು ಕುಸಿದು ಕೂತದ್ದು ಈ ಕಡೆ ಬೆನ್ನು ಕೊಟ್ಟವಳಿಗೆ ತಿಳಿಯಿತು. ಮೆರೆಸೆಯಿನಿ ತಟ್ಟೆಯನ್ನು ತನ್ನ ತೊಡೆಗೆಳೆದುಕೊಂಡಳು. "ಹೊರಗಿಡಬೇಡ ಅಂದ್ಯಲ್ಲ, ಇದನ್ನ ನಾನೇ ಉಣ್ತೀನಿ. ನಿನ್ನ ಪಾಲು ಪಾತ್ರೇಲಿದೆ, ಬಂದಾಗ ಬಿಸಿ ಮಾಡ್ಕೊಡ್ತೀನಿ," ಎಂದು ಅಲ್ಲೇ ಕೂತು ಉಂಡಳು. ಚಿಲಕ ಆ ಸಂಜೆ ತೆರೆಯಲಿಲ್ಲ.

ಶನಿವಾರ ಬೆಳಿಗ್ಗೆ ರೋಷ್ನಿ ಮೇಡಂ ವ್ಯಾನಿನಲ್ಲಿ ಬಂದಾಗ ಜೋನೆಯ ಹೆಂಡತಿ ಅಕೆನೆತಾ ಅಂಗಳದಲ್ಲಿ ಗಟ್ಟಿ ದನಿಯಲ್ಲಿ ಮಾತನಾಡುತ್ತಿದ್ದಳು. ಬೆಳಗಿನ ಜಾವ ನಾಯಿ ಅವಳ ಅಡುಗೆಮನೆಗೆ ನುಗ್ಗಿ ಇಡೀ ಮೀನನ್ನು ಎಳೆದುಕೊಂಡು ಹೋಗಿತ್ತು. ಹೇಳುತ್ತಾ ಹೇಳುತ್ತಾ ಅವಳೇ ನಗುತ್ತಿದ್ದಳು.

ಆಗ ಚಿಲಕ ತೆಗೆದ ಸದ್ದಾಯಿತು. ಶಿಯೋರಿ ಹೊರಗೆ ಬಂದಳು. ಕಣ್ಣು ಊದಿತ್ತು. ಎಲ್ಲರೂ ಅತ್ತ ತಿರುಗಿದರು.

"ನಾಯಿ ಒಳಗೆ ಹೇಗೆ ಬಂತು?" ಎಂದು ಕೇಳಿದಳು.

"ಬಾಗಿಲಿಲ್ಲವಲ್ಲ!" ಎಂದಳು ಲುಸಿಯಾನಾ. "ನಿನ್ನ ಬಾಗಿಲು ಚಿಕ್ಕಪ್ಪನ ಅಡುಗೆಮನೇದು."

ಹುಡುಗಿ ಹಸಿರು ಬಾಗಿಲನ್ನು ನೋಡಿದಳು. ಅಕೆನೆತಾಳನ್ನು ನೋಡಿದಳು. "ಯಾಕೆ ಕೊಟ್ರಿ?"

ಅಕೆನೆತಾಗೆ ಆ ಪ್ರಶ್ನೆಯೇ ಅರ್ಥವಾಗಲಿಲ್ಲ. "ಭಾವ ಬಂದು ಕೇಳಿದರು. ಕೊಟ್ವಿ," ಎಂದಳು.

'ಕೇಳಿದರು, ಕೊಟ್ವಿ,' ಎಂದು ಶಿಯೋರಿ ತನಗೇ ಹೇಳಿಕೊಂಡಳು. ಆಮೇಲೆ, ಈಜು ಬಾರದವಳು ನೀರಿಗೆ ಕಾಲಿಟ್ಟಂತೆ, ನೇರ ಬೂ ಕೂತಲ್ಲಿಗೆ ನಡೆದು ಎರಡು ಕೈ ಚಾಚಿದಳು.

"ಟವೆಲ್ ನಂಗೆ ವಾಪಸ್ ಬೇಕು. ಅದು ನನ್ನ ಅಜ್ಜಿ ಕೊಟ್ಟಿದ್ದು."

ಬೂ ಹುಡುಗಿಯನ್ನು ಮೇಲಿಂದ ಕೆಳಗೆ ನೋಡಿ, ಟವೆಲ್ ತೆಗೆದು, ಕೊಡವಿ, ನಾಲ್ಕು ಮಡಿಕೆ ಮಾಡಿ ಕೈಯಲ್ಲಿಟ್ಟಳು.

"ಚಪ್ಪಲಿ?"

"ಚಪ್ಪಲಿ ಇರ್ಲಿ. ಎಲ್ರೂ ಹಾಕ್ಕೊಳ್ಳಿ."

"ಮತ್ತೇನು ಬೇಕು?"

"ಶಾಲೆಯಿಂದ ಬಂದ ಮೇಲೆ ಒಂದು ಗಂಟೆ. ಯಾರೂ ಒಳಗೆ ಬರಬಾರ್ದು. ಲುಸಿಯಾನಾ ಕೂಡ."

"ಇಷ್ಟು ಹೇಳೋಕೆ ಮೂರು ತಿಂಗಳು ಬೇಕಾಯ್ತಾ ನಿಂಗೆ?" ಎಂದಳು ಬೂ. "ಹಲ್ಲಿಲ್ಲದ ಮಗೂಗೂ ಕೇಳೋಕೆ ಬರತ್ತೆ!"

"ನಂಗೆ ಬರ್ತಿರ್ಲಿಲ್ಲ," ಎಂದಳು ಶಿಯೋರಿ.

ರೋಷ್ನಿ ಮೇಡಂ ಕೈಯಲ್ಲಿದ್ದ ಕಾಗದವನ್ನು ಮಡಿಸುತ್ತಾ ಬಿಚ್ಚುತ್ತಾ ಇದ್ದರು. "ಶಿಯೋರಿ, ನಿನ್ನ ಪೆಟ್ಟಿಗೆ ತಯಾರಿದ್ಯಾ? ಆ ಮನೆಯವರು ಕಾಯ್ತಿದಾರೆ."

"ಇವತ್ತು ಬೇಡ ಮೇಡಂ. ಇವತ್ತು ಬಾಗಿಲು ವಾಪಸ್ ಕೊಡಬೇಕು."

"ನಾಳೆ?"

"ನಾಳೆ ಭಾನುವಾರ. ಚರ್ಚು," ಎಂದು ಹುಡುಗಿ ಮೆರೆಸೆಯಿನಿಯ ಕಡೆ ನೋಡಿದಳು. "ಇವರ ಸಾಲಲ್ಲಿ ಕೂತ್ಕೋತೀನಿ."

ಮೆರೆಸೆಯಿನಿ ಒಳಗೆ ಹೋಗಿ ಸಾರು ಬಿಸಿಮಾಡಿ ತಂದಳು. ಅಷ್ಟು ಬೆಳಿಗ್ಗೆಯೇ ಶಿಯೋರಿ ಚಾಪೆಯ ಮೇಲೆ ಕೂತು ಎರಡು ಸಲ ಹಾಕಿಸಿಕೊಂಡು ಉಂಡಳು. "ನಿಜವಾಗ್ಲೂ ಉಪ್ಪು ಜಾಸ್ತಿ," ಎಂದಳು. ರೋಷ್ನಿ ಮೇಡಂ ನಿಂಬೆ ಎಲೆಯ ಚಹಾ ಕುಡಿದು ಹೊರಟರು.

ಇಲೈಸಾ ಮಿಲ್ಲಿಗೆ ಹೋಗಿದ್ದ. ಲುಸಿಯಾನಾ ಸುತ್ತಿಗೆ ತಂದು ಕೊಟ್ಟಳು. ಮೆರೆಸೆಯಿನಿ ಕೀಲು ಕಿತ್ತಳು. ಅಕೆನೆತಾ ಮುಂದೆ ಹೋಗಿ ದಾರಿಯ ನಾಯಿಗಳನ್ನು ಬೈಯುತ್ತಾ ಓಡಿಸಿದಳು. ಬಾಗಿಲಿನ ಮುಂದಿನ ತುದಿ ಮೆರೆಸೆಯಿನಿ ಹಿಡಿದಳು, ಹಿಂದಿನದು ಶಿಯೋರಿ; ಭಾರಕ್ಕೆ ಅವಳ ಹೆಜ್ಜೆ ಓಲಾಡುತ್ತಿತ್ತು. ಇಳಿಸೋಣವೇ ಎಂದರೆ ಬೇಡ ಎಂದು ತಲೆಯಾಡಿಸಿದಳು.

ಜೋನೆಯ ಮನೆ ರೈಲು ಹಳಿಯ ಆ ಕಡೆ. ಅವರು ಹಳಿಯ ಬಳಿ ಮುಟ್ಟುವ ಹೊತ್ತಿಗೆ ಮಿಲ್ಲಿಗೆ ಕಬ್ಬು ಸಾಗಿಸುವ ರೈಲು ಬಂತು. ಹೊರೆ ತುಂಬಿದ ಪುಟ್ಟ ಗಾಡಿಗಳು, ಒಂದರ ಹಿಂದೆ ಒಂದು, ಅವಸರವಿಲ್ಲದೆ. ಈಗ ಮುಗಿಯುವಂಥದ್ದಲ್ಲ. ಮೆರೆಸೆಯಿನಿ ಬಾಗಿಲನ್ನು ಹುಲ್ಲಿನ ಮೇಲೆ ಅಡ್ಡ ಮಲಗಿಸಿದಳು. ಮೂವರೂ ಅದರ ಮೇಲೆ ಕೂತರು. ಲುಸಿಯಾನಾ ಓಡಿಬಂದು ನಡುವೆ ಜಾಗ ಮಾಡಿಕೊಂಡಳು. ಗಾಡಿಯಿಂದ ಜಾರಿಬಿದ್ದ ಒಂದು ಜಲ್ಲೆಯನ್ನು ಅಕೆನೆತಾ ಮೊಣಕಾಲಿಗೆ ಒತ್ತಿ ಮುರಿದು, ಎಲ್ಲರ ಕೈಗೂ ಒಂದೊಂದು ತುಂಡು ಕೊಟ್ಟಳು.