ಅಣಬೆ ಮೇಷ್ಟ್ರ ಕುಟುಂಬ

ಅಂಗಿಯ ಕಾಲರಿನ ಮೇಲೆ ಮತ್ತೆ ಮತ್ತೆ ಇಸ್ತ್ರಿಪೆಟ್ಟಿಗೆ ಎಳೆಯುತ್ತಿದ್ದವಳ ಕೈಯನ್ನು ನಾದಿನಿ ಹಿಡಿದಳು.

"ಬಿಡು ಅತ್ತಿಗೆ. ಮೇಲೆ ಕೋಟು ಹಾಕ್ತಾರಲ್ಲ, ಯಾರಿಗೆ ಕಾಣುತ್ತೆ?"

"ನನಗೆ ಕಾಣುತ್ತೆ."

ಆಸ್ಪತ್ರೆಯಿಂದ ತಂದ ಗಂಡನ ದೇಹ ಪಕ್ಕದ ಕೋಣೆಯಲ್ಲಿತ್ತು. ಜೀವಮಾನವಿಡೀ ಅಣಬೆಗಳ ಹಿಂದೆ ಕಾಡು ಅಲೆದು, ಪಾಠ ಹೇಳಿ, ನೆಂಟರಿಷ್ಟರ ಬಾಯಲ್ಲೂ ಅಣಬೆ ಮೇಷ್ಟ್ರೇ ಆಗಿಹೋಗಿದ್ದರು. ಹಜಾರದಲ್ಲಿ ಕಾಲೇಜಿನವರು ಪಿಸುಗುಡುತ್ತಿದ್ದರು.

ನಾದಿನಿ ಕಿಟಕಿಯಾಚೆ ನೋಡಿ ದನಿ ತಗ್ಗಿಸಿದಳು. "ಅವಳು ಬಂದಿದಾಳೆ. ಅಣ್ಣನ ಶಿಷ್ಯೆ. ಗೇಟಿನ ಹತ್ರಾನೇ ನಿಂತಿದಾಳೆ."

"ನಿಂತಿರಲಿ."

*

ಕೊಡೆಯಂಥ ತಲೆ, ಅದರಡಿ ಪುಸ್ತಕದ ಹಾಳೆಗಳಂತೆ ಪದರ ಪದರ. ಇಂಥ ರೂಪದ ಒಂದಿಷ್ಟು ಕಾಡಣಬೆಗಳನ್ನು ಮೇಷ್ಟ್ರು ಒಂದೇ ಕುಟುಂಬವೆಂದು ಗುರುತಿಸಿ ಹೆಸರಿಟ್ಟಿದ್ದರು. ಎಲ್ಲವೂ ಒಬ್ಬ ಅಜ್ಜನ ಮೊಮ್ಮಕ್ಕಳು ಎನ್ನುತ್ತಿದ್ದರು. ಮಕ್ಕಳಿಲ್ಲದ ಮನೆಯಲ್ಲಿ ಆ ಮಾತಿಗೆ ಹೆಂಡತಿಯೂ ನಗುತ್ತಿದ್ದಳು.

ಆಮೇಲೆ ಈ ಶಿಷ್ಯೆ ಆ ಅಣಬೆಗಳ ವಂಶವಾಹಿಗಳನ್ನು ಓದಿದಳು. ಒಂದರ ಹತ್ತಿರದ ಬಂಧು ಕೊಳೆತ ಮರಕ್ಕೆ ಗಾಯದ ಹಕ್ಕಳೆಯಂತೆ ಚಪ್ಪಟೆಯಾಗಿ ಅಂಟಿಕೊಂಡಿರುವಂಥದ್ದು. ಇನ್ನೊಂದರದು ಚೆಂಡಿನಂತೆ ಉಬ್ಬಿ, ತುಳಿದರೆ ಹೊಗೆಯುಗುಳುವಂಥದ್ದು. ಕೋಟ್ಯಂತರ ವರ್ಷಗಳಲ್ಲಿ ಬೇರೆ ಬೇರೆ ವಂಶಗಳು ತಮ್ಮ ತಮ್ಮ ಪಾಡಿಗೆ ಕೊಡೆ ಬಿಚ್ಚುವುದನ್ನು ಕಲಿತಿದ್ದವು. ಮೇಷ್ಟ್ರ ಕುಟುಂಬ ಎಂಬುದೇ ಇರಲಿಲ್ಲ.

ಆ ಸಂಶೋಧನೆ ಅಚ್ಚಾಗಿ ಬಂದ ದಿನ ಅವರು ತಟ್ಟೆಯ ಮುಂದೆ ಕೂತರು, ತುತ್ತೆತ್ತಲಿಲ್ಲ.

"ಎಲ್ಲಾ ಚದುರಿಹೋಯ್ತು ಕಣೇ. ನೋಡೋಕೆ ಒಂದೇ ಥರ ಇದ್ದಮಾತ್ರಕ್ಕೆ ಸಂಬಂಧ ಅಲ್ಲವಂತೆ."

"ಉಂಡ ಮನೆಗೆ ಎರಡು ಬಗೆದಳಲ್ಲ, ಆ ಹುಡುಗಿ."

ಅವರು ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. ಶಿಷ್ಯೆಗೆ ಆ ಮನೆಯ ಬಾಗಿಲು ಅಂದೇ ಮುಚ್ಚಿತು. ಎಷ್ಟೋ ವರ್ಷಗಳ ಮೇಲೆ, ಕಳೆದ ವಾರ ಆಸ್ಪತ್ರೆಗೆ ಬಂದವಳನ್ನೂ ಹೆಂಡತಿ ಬಾಗಿಲಿನಿಂದಲೇ ಸಾಗಹಾಕಿದ್ದಳು. "ಯಾರೇ ಅದು?" ಎಂದು ಒಳಗಿನಿಂದ ಬಳಲಿದ ದನಿ ಕೇಳಿತ್ತು.

"ನರ್ಸು," ಎಂದಿದ್ದಳು.

*

ಅಂಗಿಯನ್ನು ನಾದಿನಿಯ ಕೈಗಿತ್ತು ಅವಳು ನೇರ ಗೇಟಿಗೆ ನಡೆದಳು. ಇವತ್ತಾದರೂ ಮುಖಕ್ಕೆ ಹೇಳಿಬಿಡಬೇಕಿತ್ತು.

"ಅವರ ದುಡಿಮೆಯನ್ನೆಲ್ಲ ನೀರಲ್ಲಿ ಹೋಮ ಮಾಡಿದ್ದಾಯ್ತು. ಇನ್ನೇನು ನೋಡೋಕೆ ಬಂದೆ?"

ಹುಡುಗಿಯಾಗಿ ನೆನಪಿನಲ್ಲಿದ್ದವಳ ಕೂದಲು ನರೆತಿದ್ದುದು ಅವಳ ಕಣ್ಣಿಗೆ ಬಿದ್ದದ್ದು ಈಗಲೇ. "ನಾನು ಅದನ್ನ ಮುಚ್ಚಿಟ್ಟಿದ್ದೆ, ಅಮ್ಮಾ," ಎಂದಳು ಶಿಷ್ಯೆ. "ಮೇಷ್ಟ್ರು ಇರೋವರೆಗೂ ಹೊರಗೆ ಬಿಡಬಾರದು ಅಂತ. ಒಂದಿನ ಪ್ರಯೋಗಾಲಯಕ್ಕೆ ಬಂದೋರು ತಾವೇ ನೋಡಿಬಿಟ್ರು. ಸರಿಯಾಗಿ ಬೈದ್ರು. ನನ್ನ ಮರ್ಯಾದೆ ಉಳಿಸೋಕೆ ಅಣಬೆ ಕೈಲಿ ಸುಳ್ಳು ಹೇಳಿಸ್ತೀಯೇನೇ ಅಂದ್ರು. ಪಕ್ಕದಲ್ಲೇ ಕೂತು ಬರೆಸಿದ್ರು."

"ಅವರೇ?"

"ಹೂಂ."

"ಮತ್ತೆ ನನಗ್ಯಾಕೆ ಹೇಳಲಿಲ್ಲ?"

"ನಾನೂ ಕೇಳಿದೆ. ನನಗೋಸ್ಕರ ಸಿಟ್ಟು ಮಾಡ್ಕೊಳ್ಳೋಳು ಅವಳೊಬ್ಬಳೇ, ಅದೊಂದಾದ್ರೂ ನನಗಿರಲಿ ಬಿಡು ಅಂದ್ರು. ನಿನಗೆ ಕಷ್ಟ ಆಗುತ್ತೆ, ತಡ್ಕೋ ಅಂದ್ರು. ತಡ್ಕೊಂಡೆ."

ತಾನು ಈ ಹೆಣ್ಣನ್ನು ಶಪಿಸುತ್ತಿದ್ದಾಗಲೆಲ್ಲ ಅವರು ಬೆಚ್ಚಗೆ ಹೊದ್ದು ಕೂತವರಂತೆ ಸುಮ್ಮನೆ ಕೇಳುತ್ತಿದ್ದುದು ಅವಳಿಗೆ ನೆನಪಾಯಿತು. ಗಂಡನ ಮೇಲೆ ಮೈಯೆಲ್ಲ ಉರಿಯುವಷ್ಟು ಕೋಪ ಬಂತು. ಕೋಪ ತೋರಿಸಲು ಅವರಿರಲಿಲ್ಲ.

"ಆಸ್ಪತ್ರೆಗೆ ನೀನು ಬಂದಿದ್ದು ಅವರಿಗೆ ಗೊತ್ತಾಗಲೇ ಇಲ್ಲ," ಎಂದಳು. "ಕೇಳಿದ್ರು. ನರ್ಸು ಅಂದುಬಿಟ್ಟೆ."

ಶಿಷ್ಯೆಯ ಮುಖ ಬಿಗಿಯಿತು. ಪರವಾಗಿಲ್ಲ ಎಂಬ ಮಾತು ಅವಳ ಬಾಯಿಂದ ಬರಲಿಲ್ಲ.

ಅಷ್ಟರಲ್ಲಿ ವ್ಯಾನು ಬಂತು. ಶವಪೆಟ್ಟಿಗೆಯನ್ನು ಒಳಗಿಟ್ಟರು.

"ಜಾಗ ಕಮ್ಮಿ ಇದೆ. ಮನೆಯವರು ಮಾತ್ರ ಹತ್ತಿ," ಎಂದ ಚಾಲಕ.

ಹೆಂಡತಿ ಹತ್ತಿ ಕೂತಳು. ಹಿಂದೆಯೇ ನಾದಿನಿ ಹತ್ತಿದಳು. ಶಿಷ್ಯೆ ಗೇಟು ಬಿಟ್ಟು ಅಲುಗಿರಲಿಲ್ಲ. ಹೆಂಡತಿ ಸೆರಗು ಎಳೆದುಕೊಂಡು, ಮೈ ಮುದುಡಿಕೊಂಡು, ಪಕ್ಕಕ್ಕೆ ಸರಿದಳು.

"ಬಾ," ಎಂದಳು.

ಸ್ಮಶಾನದ ದಾರಿಯಲ್ಲಿ ರಸ್ತೆಯ ಉಬ್ಬೊಂದನ್ನು ವ್ಯಾನು ಹತ್ತಿಳಿದಾಗ ಪೆಟ್ಟಿಗೆ ಜಾರಿತು. ಹೆಂಡತಿ, ಶಿಷ್ಯೆ ಇಬ್ಬರೂ ಒಮ್ಮೆಲೇ ಬಾಗಿ ಅದನ್ನು ಹಿಡಿದರು. ಅಲ್ಲಿಂದ ಮುಂದೆ ರಸ್ತೆ ಸಮನಾಗಿತ್ತು. ಇಬ್ಬರಲ್ಲಿ ಯಾರೂ ಕೈ ತೆಗೆಯಲಿಲ್ಲ.