ಅತ್ತೆಯವರ ಎಣಿಕೆ

“ಭಾನುವಾರದ ಮ್ಯಾಚಿನ ಮೇಲ್ ಬರೆದಾಯ್ತಾ?” ಎಂದು ಹೆಂಡತಿ ಸಿಂಧು ಫೋನಿನಲ್ಲಿ ಕೇಳಿದಾಗ ಯೋಗಾನಂದ ಸಾಂಟಾ ಕ್ಲಾರಾದ ಆಫೀಸಿನಲ್ಲಿ ಖಾಲಿ ಸ್ಕ್ರೀನನ್ನೇ ನೋಡುತ್ತ ಕೂತಿದ್ದ.

“ಬರೀತಿದ್ದೀನಿ.”

“ಅಮ್ಮ ಹೇಳೋದು ಸ್ವಲ್ಪ ಕೇಳಿ. ನಮ್ಮ ಟೀಮಿನ ಎಡಗೈ ಪಿಚರ್ ಹುಡುಗ ಇದಾನಲ್ಲ, ಬೇಸ್ ಖಾಲಿ ಇದ್ರೆ ಪೂರ್ತಿ ಒಂದು ಆದಿತಾಳ, ಎಂಟು ಎಣಿಸೋವಷ್ಟು ಹೊತ್ತು ತಗೊಂಡು ಚೆಂಡು ಎಸೀತಾನಂತೆ. ಎದುರು ಟೀಮಿನವರು ಯಾರಾದ್ರೂ ರನ್‌ಗೆ ಅಂತ ಓಡಿ ಬೇಸ್ ಮೇಲೆ ಬಂದು ನಿಂತ್ರೆ ಮೂರು ಎಣಿಸೋದ್ರೊಳಗೆ ಎಸೆದುಬಿಡ್ತಾನಂತೆ. ಹೊಡೆಸಿಕೊಳ್ಳೋದು ಆವಾಗ್ಲೇ ಅಂತೆ. ಆ ಕಡೆಯ ವಯಸ್ಸಾದ ಪಿಚರ್‌ಗೆ ಯಾರು ನಿಂತ್ರೂ ಒಂದೇ, ಯಾವಾಗ್ಲೂ ಆರೇ ಎಣಿಕೆಯಂತೆ.”

“ನಿಮ್ಮಮ್ಮಂಗೆ ಬೇರೆ ಕೆಲಸ ಇಲ್ವಾ?” ಎಂದು ಫೋನಿಟ್ಟ.

ಆ ಮೇಲ್ ಅವನ ಸ್ವಂತ ಆಸ್ತಿ ಇದ್ದಂತೆ. ಬೇ ಏರಿಯಾದ ನಲವತ್ತು ಕನ್ನಡ ಮನೆಗಳಿಗೆ ಬೇಸ್‌ಬಾಲ್ ಅರ್ಥ ಮಾಡಿಸಿದವನು ಅವನೇ. ಐದು ವರ್ಷದಿಂದ ಪ್ರತಿ ದೊಡ್ಡ ಪಂದ್ಯಕ್ಕೂ ಎರಡು ದಿನ ಮುಂಚೆ, ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಕುಟ್ಟಿ, ಆಟ ಆರಂಭಿಸುವ ಇಬ್ಬರು ಪಿಚರ್‌ಗಳು ಎಂಥವರು, ಯಾರ ಚೆಂಡು ಹೇಗೆ ತಿರುಗುತ್ತದೆ ಎಂದು ಕ್ರಿಕೆಟ್ ಬೌಲರ್‌ಗಳಿಗೆ ಹೋಲಿಸಿ ಬರೆಯುತ್ತಿದ್ದ. ಗೆಳೆಯರಲ್ಲಿ ಅವನಿಗಿಂತ ಆರು ವರ್ಷ ಚಿಕ್ಕವನಾದ ಮಧುಕರನ ಕಂಪನಿ ಷೇರು ಮಾರುಕಟ್ಟೆಗೆ ಬಂದಿತ್ತು. ಅಚ್ಯುತ ಡೈರೆಕ್ಟರ್ ಆಗಿದ್ದ. ಯೋಗಾನಂದ ಮಾತ್ರ ಇನ್ನೂ ಅದೇ ಕ್ಯೂಬಿಕಲ್ಲಿನಲ್ಲಿ ಟೆಸ್ಟಿಂಗ್ ಮಾಡಿಕೊಂಡಿದ್ದ. ಆದರೂ ಬೇಸ್‌ಬಾಲ್ ವಿಷಯ ಬಂದರೆ ಅವರೆಲ್ಲ ಬಾಯಿ ಮುಚ್ಚಿಕೊಂಡು ಇವನ ಮಾತು ಕೇಳುತ್ತಿದ್ದರು.

ಅತ್ತೆ ವೇದವತಿ ಮೈಸೂರಿನಿಂದ ಬಂದು ಮೂರು ತಿಂಗಳಾಗಿತ್ತು. ಹಳೆಯ ಕಾಲದವರು. ಅಳಿಯನ ಎದುರು ಕೂರುತ್ತಿರಲಿಲ್ಲ, ನೇರವಾಗಿ ಮಾತೂ ಆಡುತ್ತಿರಲಿಲ್ಲ. ಹೇಳಬೇಕಾದದ್ದನ್ನೆಲ್ಲ ಮಗಳ ಕಡೆ ತಿರುಗಿ ಹೇಳುವರು. ಅವನು ಕಾಲಿಟ್ಟರೆ ಸಾಕು, ಸೋಫಾ ಬಿಟ್ಟು ಒಳಗೆ ಹೋಗುವರು. ಮೊದಮೊದಲು ಮುಜುಗರವೆನಿಸಿದ ಈ ಮರ್ಯಾದೆ ಅವನಿಗೆ ಈಚೆಗೆ ಹಿತವಾಗತೊಡಗಿತ್ತು. ಹಗಲು ಸ್ಯಾನ್ ರಮೋನಿನ ಮನೆಯಲ್ಲಿ ಒಬ್ಬರೇ ಇರುವಾಗ ಅವನು ಟೇಪ್ ಮಾಡಿಟ್ಟ ಆಟಗಳನ್ನು ಹಾಕಿಕೊಂಡು, ಸಂಗೀತ ಕಛೇರಿ ಕೇಳುವವರಂತೆ ತೊಡೆಯ ಮೇಲೆ ತಾಳ ಹಾಕುತ್ತ ನೋಡುತ್ತಿದ್ದರಂತೆ. ಐದು ವರ್ಷ ಅವನು ವಿವರಿಸಿದಾಗಲೆಲ್ಲ ಆಕಳಿಸಿದ್ದ ಸಿಂಧು ಈಗ ತಾಯಿಯ ಬಾಯಲ್ಲಿ ಅದೇ ಆಟವನ್ನು ಕಥೆಯಂತೆ ಕೇಳುತ್ತಿದ್ದಳು. ಅದನ್ನು ಅವನಿಗೆ ಸಹಿಸಲಾಗುತ್ತಿರಲಿಲ್ಲ.

ಸಂಜೆ ಮನೆಗೆ ಬಂದವನು ಯಾರಿಗೂ ಹೇಳದೆ ಟೇಪ್ ಹಾಕಿ ಎಣಿಸಿದ. ಎಂಟು. ಎಂಟು. ಒಬ್ಬ ಬೇಸ್ ಮೇಲೆ ನಿಂತ, ಮೂರು. ಇಷ್ಟು ವರ್ಷ ನೋಡಿದರೂ ತನ್ನ ಕಣ್ಣಿಗೆ ಬೀಳದ್ದು, ಬ್ಯಾಟ್ಸ್‌ಮನ್ ಹಿಂದೆ ಕೂತು ಚೆಂಡು ಹಿಡಿಯುವ ಕ್ಯಾಚರ್ ಯಾರು, ಅಂಪೈರ್ ಯಾರು ಎಂದು ಜುಲೈವರೆಗೂ ಗೊತ್ತಿಲ್ಲದ ಹೆಂಗಸಿನ ಕಣ್ಣಿಗೆ ಬಿದ್ದಿತ್ತು. ಹೊಟ್ಟೆ ಉರಿಯಿತು. ಆ ಉರಿಯಲ್ಲೇ ಕೂತು ಮೇಲ್ ಬರೆದ. ತಾಳದ ಮಾತು ತೆಗೆದು, ‘ನಾನು ಗಮನಿಸಿದ ಹಾಗೆ’ ಎಂದು ಸೇರಿಸಿ ಕಳಿಸಿದ.

ಹೊಗಳಿಕೆ ಹರಿದುಬಂತು. ‘ಇಷ್ಟು ವರ್ಷದಲ್ಲಿ ಇದೇ ಬೆಸ್ಟು’ ಎಂದು ಅಚ್ಯುತ ಎಲ್ಲರಿಗೂ ಕಾಣುವಂತೆ ಬರೆದ. ಹಾಗಾದರೆ ಹಿಂದಿನವೆಲ್ಲ ಏನು ಎಂದುಕೊಂಡ ಯೋಗಾನಂದನಿಗೆ ರಾತ್ರಿಯ ಊಟ ಸೇರಲಿಲ್ಲ.

ಭಾನುವಾರ ಮಧ್ಯಾಹ್ನ ಮಧುಕರ, ಅಚ್ಯುತ ಆಟ ನೋಡಲು ಬಂದರು. ವೇದವತಿ ಅಡುಗೆಮನೆ ಸೇರಿದರು. ನಾಲ್ಕನೆಯ ಇನ್ನಿಂಗ್ಸಿನಲ್ಲಿ ಎದುರು ತಂಡದವನೊಬ್ಬ ಬೇಸ್ ತಲುಪಿದ. ಎಡಗೈ ಹುಡುಗ ಅವಸರವಾಗಿ ಎಸೆದ. ಹೊಡೆತ ತಿಂದ ಚೆಂಡು ಮೈದಾನದಂಚಿನ ಗೋಡೆಗೆ ಹೋಗಿ ಬಡಿಯಿತು. ಒಂದು ರನ್ ಹೋಯಿತು, ಹೊಡೆದವನು ಎರಡನೇ ಬೇಸ್ ಮೇಲೆ ನಿಂತ.

“ನೀನು ಬರೆದ ಹಾಗೇ ಆಯ್ತಲ್ಲೋ,” ಎಂದ ಅಚ್ಯುತ.

“ಈಗೇನು ಮಾಡ್ಬೇಕು ಯೋಗಿ? ಅವನ್ನ ತೆಗೆದು ಬೇರೆಯವನ್ನ ಹಾಕ್ಬೇಕಾ?” ಎಂದ ಮಧುಕರ.

ಯೋಗಾನಂದ ಅತ್ತೆಯಿಂದ ಕದ್ದದ್ದು ಅಷ್ಟೇ ಇತ್ತು. ಲೋಟ ಎತ್ತಿ ನೀರು ಕುಡಿದ.

ಅಡುಗೆಮನೆಯ ಬಾಗಿಲಿನಿಂದ ವೇದವತಿ ಮಗಳಿಗೆ ಹೇಳಿದರು: “ಸಿಂಧು, ನಿನ್ನೆ ಅವರು ಹೇಳ್ತಿದ್ರಲ್ಲಮ್ಮ. ತೆಗೆಯೋದು ಬೇಡ, ಕ್ಯಾಚರ್ ಎದ್ದು ಹೋಗಿ ಎರಡು ಮಾತಾಡಿದ್ರೆ ಹುಡುಗನ ಉಸಿರು ಹತೋಟಿಗೆ ಬರತ್ತೆ ಅಂತ.”

ಯೋಗಾನಂದ ಹಾಗೆ ಹೇಳಿಯೇ ಇರಲಿಲ್ಲ. ಸಿಂಧು ಗಂಡನ ಮುಖ ನೋಡಿದಳು. ಅವನು, “ಹೌದು, ಕ್ಯಾಚರ್ ಹೋಗಿ ಮಾತಾಡ್ಬೇಕು,” ಎಂದ. ಅಷ್ಟರಲ್ಲಿ ಕ್ಯಾಚರ್ ಎದ್ದೇಬಿಟ್ಟ. ಅದಾದ ಮೇಲೆ ಹುಡುಗ ನಿಧಾನಕ್ಕೆ ಎಸೆದ, ಇನ್ನಿಂಗ್ಸ್ ಮುಗಿಯಿತು. ಅಚ್ಯುತ ಇವನ ಬೆನ್ನು ತಟ್ಟಿದ.

ಎಲ್ಲರ ಮುಂದೆ ಅತ್ತೆ ಅವನ ಮಾನ ತೆಗೆದಿದ್ದರೆ ಸಿಟ್ಟಾದರೂ ಮಾಡಬಹುದಿತ್ತು. ಅದಕ್ಕೂ ದಾರಿಯಿರಲಿಲ್ಲ. ಇನ್ನೂ ಬೇಕಾದಷ್ಟಿದೆ ಎನ್ನುವವರ ಹಾಗೆ ತಮ್ಮ ಮಾತನ್ನೇ ಅವನಿಗೆ ಕೊಟ್ಟುಬಿಟ್ಟಿದ್ದರು. ಅವರ ಆ ಧಾರಾಳದ ಮೇಲೂ ಅವನಿಗೆ ಹೊಟ್ಟೆಕಿಚ್ಚಾಯಿತು. ತಿರುಗಿ ನೋಡಿದ. ಫ್ರಿಜ್ಜಿನ ಪಕ್ಕ ನಿಂತು ಕತ್ತು ಉದ್ದ ಮಾಡಿ ಟಿವಿ ನೋಡುತ್ತಿದ್ದ ವೇದವತಿ ಅವನ ಕಣ್ಣಿಗೆ ಬಿದ್ದದ್ದೇ ಒಳಗೆ ಸರಿದರು.

“ಮುಂದಿನ ಇನ್ನಿಂಗ್ಸ್ ಹೇಗೆ ಯೋಗಿ?” ಎಂದ ಮಧುಕರ.

“ನನ್ನ ಕೇಳ್ಬೇಡಿ,” ಯೋಗಾನಂದನ ದನಿ ಬೇಕಿದ್ದಕ್ಕಿಂತ ಜೋರಾಯಿತು. “ಎಣಿಸಿದ್ದೆಲ್ಲ ನಮ್ಮತ್ತೆ. ನಾನು ಬರೀ ಟೈಪ್ ಮಾಡಿದ್ದು. ಅವರನ್ನೇ ಕೇಳಿ.”

ಸಿಂಧು “ಬಾಮ್ಮ” ಎಂದು ಕರೆದಳು. ವೇದವತಿ ಬರಲಿಲ್ಲ. ಎರಡನೇ ಸಲ ಕರೆದಾಗಲೂ ಬರಲಿಲ್ಲ. ತಾನು ಸೋಫಾದಲ್ಲಿ ಇರುವಷ್ಟು ಹೊತ್ತು ಅವರು ಬಂದು ಕೂರುವವರಲ್ಲ ಎಂಬುದು ಯೋಗಾನಂದನಿಗೆ ಆಗ ಹೊಳೆಯಿತು. ಎದ್ದು ಅಡುಗೆಮನೆಗೆ ಹೋದ. ನೆಲ ನೋಡುತ್ತ, “ನೀವು ಹೋಗಿ ಅತ್ತೆ, ಬೋಂಡಾ ನಾನು ಕರೀತೀನಿ,” ಎಂದು ಅವರ ಕೈಯಿಂದ ಜಾಲರಿ ಸೌಟು ತೆಗೆದುಕೊಂಡ.

ಸ್ವಲ್ಪ ಹೊತ್ತಿಗೆ ಹಾಲ್‌ನಲ್ಲಿ ಅವರ ದನಿ ಕೇಳಿಸಿತು. ಅವನಿದ್ದಾಗ ಎಂದೂ ಇಷ್ಟು ಗಟ್ಟಿಯಾಗಿರದ ದನಿ. “ನೋಡಪ್ಪ ಮಧುಕರ, ಆ ಕಡೆಯ ಮುದುಕ ಪಿಚರ್ ಇದಾನಲ್ಲ, ಅವನದು ಬೇರೇನೇ ಕಥೆ...” ಅಚ್ಯುತ ಏನೋ ಕೇಳಿದ, ಅವರು ಏನೋ ಹೇಳಿದರು, ಎಲ್ಲರೂ ನಕ್ಕರು. ಸಿಂಧುವಿನ ನಗು ಎಲ್ಲರಿಗಿಂತ ಎತ್ತರದಲ್ಲಿತ್ತು. ಮುದುಕನ ಕಥೆ ಏನೆಂದು ಒಲೆಯ ಮೇಲಿನ ಫ್ಯಾನಿನ ಸದ್ದಿನಲ್ಲಿ ಸರಿಯಾಗಿ ಕೇಳಿಸಲಿಲ್ಲ. ಯೋಗಾನಂದ ಬೋಂಡಾಗಳನ್ನು ಬಾಣಲೆಯಲ್ಲೇ ಬಿಟ್ಟು, ಕೈ ಚಾಚಿ ಫ್ಯಾನು ಆರಿಸಿದ.